ಕಾಡಿನ ಕಿಚ್ಚು, ಗೋದಾಮಿನ ಲೆಕ್ಕ

2019ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ, ಒಂದೇ ವಾರದ ಅವಧಿಯೊಳಗೆ, ಕರ್ನಾಟಕದ ಎರಡು ಕಡೆ ಒಣಹುಲ್ಲಿಗೆ ಬೆಂಕಿ ಬಿದ್ದಿತು. ಒಂದು, ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಗೋಪಾಲಸ್ವಾಮಿ ಬೆಟ್ಟ ಹಾಗೂ ಕುಂದಕೆರೆ ವಲಯಗಳಲ್ಲಿ. ಇನ್ನೊಂದು, ಬೆಂಗಳೂರಿನ ಯಲಹಂಕದಲ್ಲಿ ನಡೆಯುತ್ತಿದ್ದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆಯ ಬಯಲಿನಲ್ಲಿ, ಫೆಬ್ರವರಿ 23ರಂದು. ಮೊದಲನೆಯದರಲ್ಲಿ ಸಾವಿರಾರು ಎಕರೆ ಅರಣ್ಯ ಸುಟ್ಟುಹೋಯಿತು. ಎರಡನೆಯದರಲ್ಲಿ ಸುಮಾರು 300 ಕಾರುಗಳು ನೋಡನೋಡುತ್ತಿದ್ದಂತೆ ಕರಕಲಾದವು. ಕಾರು ಕಳೆದುಕೊಂಡವರ ಪೈಕಿ ಸಮಗ್ರ ವಿಮೆ ಮಾಡಿಸಿದ್ದವರಿಗೆ ಪರಿಹಾರದ ಮಾರ್ಗವಿತ್ತು. ಕೇವಲ ಕಾನೂನಿನ ಒತ್ತಾಯಕ್ಕಾಗಿ ಮೂರನೆಯವರ ಹೊಣೆಯ ವಿಮೆ ಮಾತ್ರ ಮಾಡಿಸಿದ್ದವರಿಗೆ ಅದೂ ಇರಲಿಲ್ಲ. ಕಾಡಿಗಂತೂ ಯಾವ ವಿಮೆಯೂ ಇಲ್ಲ.

ಕೋಲಾರ ಜಿಲ್ಲೆಯ ವರ್ತಕ ಬಾಂಧವರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಕಾಳ್ಗಿಚ್ಚಿನ ಸುದ್ದಿಯನ್ನು ಇಂದಿಗೂ ದೂರದ ಮಲೆನಾಡಿನ ಸುದ್ದಿಯೆಂದೇ ಓದುತ್ತಾರೆ. ಅದು ಅರಣ್ಯ ಇಲಾಖೆಯ ತಲೆನೋವು, ಪರಿಸರವಾದಿಗಳ ಚಿಂತೆ, ವಾಣಿಜ್ಯಕ್ಕೆ ಅದರಿಂದೇನು ಎಂಬ ಭಾವನೆ ಸಾರ್ವತ್ರಿಕವಾಗಿದೆ. ಈ ಭಾವನೆ ತಪ್ಪು. ಯಲಹಂಕದ ಬಯಲಿನಲ್ಲಿ ಕಾಡು ಇರಲಿಲ್ಲ. ಇದ್ದದ್ದು ಒಣಗಿದ ಹುಲ್ಲು ಮತ್ತು ಗಾಳಿ. ಅಂತಹ ಹುಲ್ಲು ನರಸಾಪುರ, ವೇಮಗಲ್ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳ ಖಾಲಿ ನಿವೇಶನಗಳಲ್ಲಿ ಪ್ರತಿ ವರ್ಷವೂ ಆಳೆತ್ತರ ಬೆಳೆದು ಸಂಕ್ರಾಂತಿಯ ಹೊತ್ತಿಗೆ ಒಣಗಿ ನಿಂತಿರುತ್ತದೆ.

ಬಂಡೀಪುರದ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಫೆಬ್ರವರಿ 21ರ ಸುಮಾರಿಗೆ ಹೊತ್ತಿಕೊಂಡ ಬೆಂಕಿ ಬಲವಾದ ಗಾಳಿಯ ಕಾರಣದಿಂದ ಬೆಟ್ಟದಿಂದ ಬೆಟ್ಟಕ್ಕೆ ಹಾರಿತು. ಸಫಾರಿಯನ್ನು ನಿಲ್ಲಿಸಬೇಕಾಯಿತು. ಅರಣ್ಯ ಸಿಬ್ಬಂದಿ, ಅಗ್ನಿಶಾಮಕ ದಳ, ದಿನಗೂಲಿ ಕಾವಲುಗಾರರು, ರಾಜ್ಯದ ನಾನಾ ಭಾಗಗಳಿಂದ ಬಂದ ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆಗಳನ್ನು ಹಿಡಿದು ಬೆಂಕಿಯನ್ನು ಬಡಿದರು. ಫೆಬ್ರವರಿ 25ರಿಂದ ಭಾರತೀಯ ವಾಯುಸೇನೆಯ ಎಂಐ-17 ಹೆಲಿಕಾಪ್ಟರುಗಳು ಬಕೆಟ್‌ಗಳಲ್ಲಿ ನೀರು ತಂದು ಸುರಿದವು. ಸುಟ್ಟ ಪ್ರದೇಶದ ವಿಸ್ತಾರದ ಬಗ್ಗೆ ಪ್ರಾರಂಭದಲ್ಲಿ ಹಲವು ಬಗೆಯ ಅಂದಾಜುಗಳು ಕೇಳಿಬಂದವಾದರೂ, ಉಪಗ್ರಹ ಚಿತ್ರಗಳನ್ನು ಅಳೆದ ಬಳಿಕ ಹೊರಬಂದ ಅಂಕಿ 4,419 ಹೆಕ್ಟೇರ್, ಎಂದರೆ 10,900 ಎಕರೆಗೂ ಹೆಚ್ಚು. ಸುಮಾರು 870 ಚದರ ಕಿಲೋಮೀಟರ್ ವಿಸ್ತೀರ್ಣದ ರಾಷ್ಟ್ರೀಯ ಉದ್ಯಾನಕ್ಕೆ ಹೋಲಿಸಿದರೆ ಇದು ಶೇಕಡಾ 5ರಷ್ಟು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತಿದ್ದರು. 2018ರ ಮಾರ್ಚ್ 11ರಂದು ನೆರೆಯ ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರ ಗುಂಪೊಂದು ಹುಲ್ಲಿನ ಬೆಂಕಿಗೆ ಸಿಲುಕಿ 20ಕ್ಕೂ ಹೆಚ್ಚು ಜನ ಸಾವಿಗೀಡಾದರು.

ಹೆಲಿಕಾಪ್ಟರ್ ಬಂದಾಗ ಜನಕ್ಕೆ ಸಮಾಧಾನವಾಗುತ್ತದೆ, ಪತ್ರಿಕೆಗಳಲ್ಲಿ ಛಾಯಾಚಿತ್ರ ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ, ಇಂತಹ ಒಂದು ಬಕೆಟ್ ಒಂದು ಬಾರಿಗೆ ಹೊತ್ತು ತರುವ ನೀರು ಮೂರು ಸಾವಿರ ಲೀಟರಿನ ಆಸುಪಾಸು. ಕೋಲಾರದ ಬಡಾವಣೆಗಳಲ್ಲಿ ಬೇಸಿಗೆಯಲ್ಲಿ ಮನೆಮನೆಗೆ ನೀರು ಮಾರುವ ಒಂದು ಟ್ಯಾಂಕರಿನ ಅರ್ಧದಷ್ಟು. ಮೇಲಿನಿಂದ ಸುರಿದ ನೀರು ಜ್ವಾಲೆಯ ಕಾವನ್ನು ತಗ್ಗಿಸುತ್ತದೆ. ಮರದ ಬೊಡ್ಡೆಯೊಳಗೆ ಹೊಗೆಯಾಡುವ ಕೆಂಡವನ್ನು ಆರಿಸುವುದು ನೆಲದ ಮೇಲೆ ನಿಂತ ಮನುಷ್ಯನೇ.

ಕಾಳ್ಗಿಚ್ಚನ್ನು ಹತೋಟಿಗೆ ತರುವ ಕೆಲಸದಲ್ಲಿ ನೀರಿಗಿಂತ ಮುಖ್ಯವಾದದ್ದು ಬೆಂಕಿ ರೇಖೆ. ಬೆಂಕಿಗೆ ಬೇಕಾದದ್ದು ಕಾವು, ಗಾಳಿ ಮತ್ತು ಉರುವಲು. ಕಾಡಿನಲ್ಲಿ ಮೊದಲಿನ ಎರಡನ್ನು ತಡೆಯುವುದು ಮನುಷ್ಯಪ್ರಯತ್ನಕ್ಕೆ ಮೀರಿದ್ದು. ಉರುವಲನ್ನು ಮಾತ್ರ ತೆಗೆಯಬಹುದು. ಆದ್ದರಿಂದಲೇ ಬೇಸಿಗೆಗೆ ಮುನ್ನ ಕಾಡಿನ ನಡುವೆ ನಿರ್ದಿಷ್ಟ ಅಗಲದ ಪಟ್ಟಿಗಳಲ್ಲಿ ಹುಲ್ಲು, ತರಗೆಲೆ, ಲಂಟಾನದ ಪೊದೆಗಳನ್ನು ಕೆತ್ತಿ, ಒಣಗಿಸಿ, ಕಾವಲಿನಲ್ಲಿ ಸುಟ್ಟು ಬರಿನೆಲ ಮಾಡಿಡುತ್ತಾರೆ. ಬೆಂಕಿ ಅಲ್ಲಿಗೆ ಬಂದಾಗ ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ಬೆಂಕಿ ದೊಡ್ಡದಾಗಿದ್ದರೆ ಅದರ ಎದುರಿಗೆ ನಿಂತು ಬಡಿಯುವುದು ಆತ್ಮಹತ್ಯೆಗೆ ಸಮ. ಅನುಭವಸ್ಥ ಸಿಬ್ಬಂದಿ ಸುಟ್ಟುಹೋದ ಹಿಂಬದಿಯಿಂದ ಹೊರಟು, ಎರಡು ಪಕ್ಕಗಳಲ್ಲಿ ಬಡಿಯುತ್ತಾ, ಬೆಂಕಿಯ ತಲೆಯನ್ನು ಕಿರಿದುಮಾಡುತ್ತಾ ಹೋಗುತ್ತಾರೆ. ಮುಂದೆ ಎಲ್ಲೋ ಒಂದು ರಸ್ತೆಯಿಂದಲೋ ಹಳ್ಳದಿಂದಲೋ ಎದುರು ಬೆಂಕಿ ಕೊಟ್ಟು, ಬರುತ್ತಿರುವ ಬೆಂಕಿಗೆ ಉರುವಲು ಇಲ್ಲದಂತೆ ಮಾಡುತ್ತಾರೆ. ಬೆಟ್ಟದ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಅದರ ವೇಗ ಸರಿಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಈ ಕ್ಷೇತ್ರದವರ ಲೆಕ್ಕ. ಅಂತರಗಂಗೆಯ ಬೆಟ್ಟದ ಬುಡದಲ್ಲಿ ಎಸೆದ ಒಂದು ಬೀಡಿಯ ತುಂಡು ಏಕೆ ಅಷ್ಟು ಬೇಗ ತುದಿ ಮುಟ್ಟುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಬೆಂಕಿ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಭಾರತದ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯರು ಹಚ್ಚಿದವು. ಹೊಸ ಹುಲ್ಲು ಚಿಗುರಲೆಂದು ಕುರಿಗಾಹಿಗಳು ಹಚ್ಚುವುದುಂಟು. ಹೊಲದ ಅಂಚಿನ ಕಸ ಸುಡುವಾಗ ಹಾರುವ ಕಿಡಿ ಉಂಟು. ಜೇನು ಬಿಡಿಸುವವರ ಪಂಜು ಉಂಟು. ಇಲಾಖೆಯ ಮೇಲಿನ ಸಿಟ್ಟಿಗೆ ಹಚ್ಚುವವರೂ ಇದ್ದಾರೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ 2019ರ ವರದಿಯ ಪ್ರಕಾರ ದೇಶದ ಅರಣ್ಯ ಹೊದಿಕೆಯ ಶೇಕಡಾ 36ಕ್ಕೂ ಹೆಚ್ಚು ಭಾಗ ಪದೇ ಪದೇ ಬೆಂಕಿಗೆ ತುತ್ತಾಗುವ ಸಂಭವವುಳ್ಳದ್ದು. ಒಳ್ಳೆಯ ಮಳೆಯ ವರ್ಷದ ನಂತರದ ಬೇಸಿಗೆ ಇನ್ನೂ ಅಪಾಯಕಾರಿ. ಮಳೆ ಹೆಚ್ಚಾದಷ್ಟೂ ಹುಲ್ಲು ಹೆಚ್ಚು, ಹುಲ್ಲು ಹೆಚ್ಚಾದಷ್ಟೂ ಮಾರ್ಚಿಗೆ ಉರುವಲು ಹೆಚ್ಚು. ಮಳೆ ಚೆನ್ನಾಗಿ ಆಯಿತೆಂದು ಇಡೀ ಜಿಲ್ಲೆ ಸಂತೋಷಪಡುವ ವರ್ಷದಲ್ಲಿಯೇ ಈ ಎಚ್ಚರಿಕೆ ಹೆಚ್ಚು ಬೇಕು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಉರುವಲು

ಕೋಲಾರ ಜಿಲ್ಲೆಯಲ್ಲಿ ಬಂಡೀಪುರದಂತಹ ದಟ್ಟ ಅರಣ್ಯವಿಲ್ಲವೆಂಬುದು ನಿಜ. ಇಲ್ಲಿರುವುದು ಕುರುಚಲು ಕಾಡು, ಬಂಡೆಗಳ ನಡುವಿನ ಸೀತಾಫಲದ ಪೊದೆ, ಬೋಳುಗುಡ್ಡದ ಹುಲ್ಲು ಮತ್ತು ನೀಲಗಿರಿ ತೋಪು. ಆದರೆ ಬಂಡೀಪುರದ ಬೆಂಕಿಯ ದಾರಿಯಲ್ಲಿ ವ್ಯಾಪಾರದ ದಾಸ್ತಾನು ಹೆಚ್ಚು ಇರಲಿಲ್ಲ. ಇಲ್ಲಿ ಗುಡ್ಡದ ಬುಡದಿಂದಲೇ ಮಂಡಿ, ಗೋದಾಮು, ಗೂಡು, ಕಾರ್ಖಾನೆಗಳು ಆರಂಭವಾಗುತ್ತವೆ.

ಮಾಲೂರನ್ನೇ ತೆಗೆದುಕೊಳ್ಳಬಹುದು. ಇಟ್ಟಿಗೆ ಮತ್ತು ಹೆಂಚಿಗೆ ಹೆಸರಾದ ಈ ತಾಲ್ಲೂಕಿನಲ್ಲಿ ಗೂಡುಗಳಿಗೆ ಹೊಂದಿಕೊಂಡಂತೆ ಸೌದೆಯ ರಾಶಿ, ಸೌದೆಗೆ ಹೊಂದಿಕೊಂಡಂತೆ ನೀಲಗಿರಿ ತೋಪು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಿಂದ ಜಿಲ್ಲೆಯ ರೈತರು ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ಹಾಕಿದರು. ಅಂತರ್ಜಲದ ಕಾರಣದಿಂದ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಅದಕ್ಕೂ ಮೊದಲು ಬೇರೂರಿದ ತೋಪುಗಳು ಒಮ್ಮೆ ಕಡಿದರೆ ಮತ್ತೆ ಚಿಗುರುತ್ತವೆ. ನೀಲಗಿರಿಯ ಎಲೆಯಲ್ಲಿ ಎಣ್ಣೆಯ ಅಂಶವಿದೆ, ತೊಗಟೆ ಪಟ್ಟಿಪಟ್ಟಿಯಾಗಿ ಕಳಚಿ ಬುಡದಲ್ಲಿ ರಾಶಿ ಬೀಳುತ್ತದೆ, ಹೊತ್ತಿಕೊಂಡ ತೊಗಟೆ ಗಾಳಿಯಲ್ಲಿ ದೂರ ಹಾರುತ್ತದೆ. ಪೋರ್ಚುಗಲ್ ದೇಶದಲ್ಲಿ ಕಾಗದದ ತಿರುಳಿಗಾಗಿ ವಿಶಾಲ ಪ್ರದೇಶದಲ್ಲಿ ನೀಲಗಿರಿ ಬೆಳೆಸಲಾಗಿದೆ. 2017ರ ಜೂನ್ ತಿಂಗಳಿನಲ್ಲಿ ಅಲ್ಲಿನ ಪೆಡ್ರೋಗಾವ್ ಗ್ರಾಂಡೆ ಎಂಬಲ್ಲಿ ಪೈನ್ ಮತ್ತು ನೀಲಗಿರಿ ಕಾಡಿಗೆ ಬಿದ್ದ ಬೆಂಕಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಕಾರಿನಲ್ಲಿ ರಸ್ತೆಯ ಮೇಲೆ ಹೋಗುತ್ತಿದ್ದವರು. ಅದಾದ ಮೇಲೆ ಅಲ್ಲಿನ ಸರ್ಕಾರ, ಕಟ್ಟಡಗಳ ಸುತ್ತ 50 ಮೀಟರ್ ಅಂತರದ ಪೊದೆ-ಗಿಡಗಳನ್ನು ಮಾಲೀಕರೇ ತೆರವುಗೊಳಿಸಬೇಕೆಂಬ ನಿಯಮವನ್ನು ದಂಡ ಹಾಕಿ ಜಾರಿಗೆ ತಂದಿತು. ಮಾಲೂರಿನ ಗೂಡಿನ ಮಾಲೀಕರು 50 ಮೀಟರ್ ಬಿಡಲಾರರು, ಜಾಗವೇ ಇಲ್ಲ. ಸೌದೆ ರಾಶಿಗೂ ತೋಪಿಗೂ ನಡುವೆ ಒಂದು ಲಾರಿ ಓಡಾಡುವಷ್ಟು ಬರಿನೆಲವನ್ನಾದರೂ ಬಿಡಬಹುದಲ್ಲವೆ?

ಶ್ರೀನಿವಾಸಪುರದ ಸಮಸ್ಯೆ ಬೇರೆ. ಮಾವು ಹೂ ಬಿಡುವ ಕಾಲ ಮತ್ತು ಬೆಂಕಿಯ ಕಾಲ ಒಂದರ ಮೇಲೊಂದು ಬೀಳುತ್ತವೆ. ತೋಪಿನ ಬುಡದ ತರಗೆಲೆಗೆ ಹತ್ತಿದ ನೆಲಬೆಂಕಿ ಮರವನ್ನು ಸುಡದಿದ್ದರೂ ಅದರ ಕಾವಿಗೆ ಹೂ ಮತ್ತು ಹೀಚು ಉದುರುತ್ತವೆ. ಆ ವರ್ಷದ ಫಸಲು ಹೋಯಿತೆಂದೇ ಅರ್ಥ. ಮಂಡಿಗಳ ಹಿಂದೆ ಮುಂದಿನ ಸುಗ್ಗಿಗೆಂದು ಪೇರಿಸಿಟ್ಟ ಭತ್ತದ ಹುಲ್ಲು, ಮರದ ಪೆಟ್ಟಿಗೆ ಮತ್ತು ಪ್ಲಾಸ್ಟಿಕ್ ಕ್ರೇಟುಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಮುಳಬಾಗಿಲಿನಲ್ಲಿ ರಾಷ್ಟ್ರೀಯ ಹೆದ್ದಾರಿ 75ರ ಎರಡು ಬದಿಯ ಹುಲ್ಲು, ಹೆದ್ದಾರಿಗೆ ಅಂಟಿಕೊಂಡ ಗೋದಾಮುಗಳು. ಗಡಿಯಾಚೆ ಆಂಧ್ರಪ್ರದೇಶದ ಪಲಮನೇರು ಕಡೆಯ ಕೌಂಡಿನ್ಯ ವನ್ಯಧಾಮದ ಕಾಡು. ಬೆಂಕಿಗೆ ರಾಜ್ಯದ ಗಡಿ ಗೊತ್ತಿಲ್ಲ, ಆದರೆ ಅಗ್ನಿಶಾಮಕ ವಾಹನಕ್ಕೆ ಗೊತ್ತು. ಇನ್ನು ಕೋಲಾರ ನಗರದ ತಲೆಯ ಮೇಲೆಯೇ ಶತಶೃಂಗ ಪರ್ವತ ಶ್ರೇಣಿ ನಿಂತಿದೆ.

ಮಾರ್ಚ್ 31ರ ಗೋಡೆ

ಬೆಂಕಿ ನಿರ್ವಹಣೆಯ ಹಣಕಾಸಿನ ಬಗ್ಗೆ ಸಾರ್ವಜನಿಕವಾಗಿ ಚರ್ಚೆಯಾಗುವುದು ಕಡಿಮೆ. ಕೇಂದ್ರ ಸರ್ಕಾರದ ಕಾಡಿನ ಬೆಂಕಿ ತಡೆ ಮತ್ತು ನಿರ್ವಹಣಾ ಯೋಜನೆಯಲ್ಲಿ ಕರ್ನಾಟಕದಂತಹ ರಾಜ್ಯಗಳಿಗೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಇದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷಕ್ಕೆ ಕಟ್ಟುಬಿದ್ದ ಹಣ. ಬೆಂಕಿಯ ಕಾಲವಾದರೋ ಜನವರಿಯಲ್ಲಿ ಆರಂಭವಾಗಿ ಮೇ ತಿಂಗಳ ಮುಂಗಾರುಪೂರ್ವ ಮಳೆಯವರೆಗೆ ನಡೆಯುತ್ತದೆ. ಎಂದರೆ ಕಿಚ್ಚು ಉಚ್ಛ್ರಾಯದಲ್ಲಿರುವ ಹೊತ್ತಿಗೆ ಸರಿಯಾಗಿ ಹಳೆಯ ವರ್ಷದ ಲೆಕ್ಕ ಮುಗಿಯುತ್ತದೆ, ಹೊಸ ವರ್ಷದ ಅನುದಾನ ಇನ್ನೂ ಕೆಳಗಿಳಿದಿರುವುದಿಲ್ಲ. ವ್ಯವಹಾರ ಬಲ್ಲ ಯಾರಿಗೂ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ದಿನಗೂಲಿ ಬೆಂಕಿ ಕಾವಲುಗಾರನ ಕೂಲಿ ಯಾವ ವರ್ಷದ ಬಾಬ್ತಿಗೆ ಸೇರಬೇಕೆಂಬ ಪ್ರಶ್ನೆ ಕಡತದಲ್ಲಿ ಕೂತಿದ್ದರೆ, ಅವನು ಬೆಟ್ಟದ ಮೇಲೆ ಕೂತಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಬೆಂಕಿ ರೇಖೆಯನ್ನು ಡಿಸೆಂಬರಿನಲ್ಲಿ ಕೆತ್ತಿದರೆ ಮಾತ್ರ ಪ್ರಯೋಜನ. ಅದನ್ನು ಮಾರ್ಚಿನಲ್ಲಿ ಅನುದಾನ ಮುಗಿಸುವ ಆತುರದಲ್ಲಿ ಕೆತ್ತಿದರೆ ಲೆಕ್ಕಪತ್ರದಲ್ಲಿ ಖರ್ಚು ಸರಿಹೋಗುತ್ತದೆ, ಕಾಡು ಸುಟ್ಟುಹೋಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ಸರ್ಕಾರಿ ಇಲಾಖೆಗಳಿಗೆ ಅನ್ವಯಿಸಿ ನಗುವುದು ಸುಲಭ. ಆದರೆ ಖಾಸಗಿ ಗೋದಾಮುಗಳಲ್ಲಿ ಗೋಡೆಗೆ ತೂಗುಹಾಕಿದ ಅಗ್ನಿನಂದಕದ ಅವಧಿಯ ಚೀಟಿಯನ್ನು ಓದಿದವರು ಎಷ್ಟು ಜನ?

ಈ ಹಣಕಾಸಿನ ಬಿರುಕನ್ನು ಮುಚ್ಚುವಲ್ಲಿ ವಾಣಿಜ್ಯ ಸಂಘಟನೆಗಳಿಗೆ ಪಾತ್ರವಿದೆ. ಕಂಪನಿ ಕಾಯ್ದೆ 2013ರ 135ನೆಯ ಕಲಮಿನ ವ್ಯಾಪ್ತಿಗೆ ಬರುವ ದೊಡ್ಡ ಕಂಪನಿಗಳು ನರಸಾಪುರ ಮತ್ತು ವೇಮಗಲ್‌ನಲ್ಲಿವೆ. ಆ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪರಿಸರ ಸಂರಕ್ಷಣೆಯೂ ವಿಪತ್ತು ನಿರ್ವಹಣೆಯೂ ಸೇರಿವೆ. ಶಾಲೆಗೆ ಬಣ್ಣ ಬಳಿದು ಫಲಕ ಹಾಕುವ ಕಾರ್ಯಕ್ರಮಗಳಿಗೆ ಹೋಲಿಸಿದರೆ ಫೆಬ್ರವರಿಯಿಂದ ಮೇವರೆಗೆ ಅಂತರಗಂಗೆ ಬೆಟ್ಟಕ್ಕೆ ನಾಲ್ಕು ಜನ ಕಾವಲುಗಾರರನ್ನು ಒದಗಿಸುವ ವೆಚ್ಚ ಅತ್ಯಲ್ಪ. ಫಲಕ ಹಾಕಲು ಅಲ್ಲಿ ಗೋಡೆ ಇಲ್ಲವೆಂಬುದೊಂದೇ ಕೊರತೆ.

ಪಾಲಿಸಿಯ ಸಣ್ಣ ಅಕ್ಷರ

ವರ್ತಕರ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಮತ್ತು ಅತ್ಯಂತ ಅಲಕ್ಷಿತವಾದ ವಿಷಯ ವಿಮೆಯದು. 2001ರ ಅಖಿಲ ಭಾರತ ಬೆಂಕಿ ಸುಂಕಪಟ್ಟಿಯ ಕಾಲದಿಂದ ರೂಢಿಯಲ್ಲಿರುವ ‘ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್’ ಪಾಲಿಸಿಯಲ್ಲಿ ಪೊದೆ ಬೆಂಕಿ ಸೇರಿದೆ. ಆದರೆ ಅದೇ ಸಾಲಿನಲ್ಲಿ, ಕಾಡಿನ ಬೆಂಕಿಯಿಂದ ಆದ ನಷ್ಟವನ್ನು ಹೊರತುಪಡಿಸಿ ಎಂಬ ಮಾತೂ ಇದೆ. ಕಾಡಿನ ಬೆಂಕಿಗೆ ರಕ್ಷಣೆ ಬೇಕಿದ್ದರೆ ಹೆಚ್ಚುವರಿ ಪ್ರೀಮಿಯಂ ಕೊಟ್ಟು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಪೊದೆ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಆರಂಭವಾಯಿತು ಎಂಬ ವ್ಯಾಜ್ಯ ಗುಡ್ಡದ ಬುಡದ ಗೋದಾಮಿನ ಮಾಲೀಕನಿಗೆ ಬೂದಿಯ ರಾಶಿಯ ಮುಂದೆ ನಿಂತಾಗ ಎದುರಾಗಬಾರದು.

ಸಣ್ಣ ಉದ್ಯಮಗಳ ಮಟ್ಟಿಗೆ ಈ ತೊಡಕು ಕಡಿಮೆಯಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ (ಒಂದು ಸ್ಥಳದಲ್ಲಿನ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿವರೆಗೆ) ಮತ್ತು ‘ಭಾರತ್ ಲಘು ಉದ್ಯಮ್ ಸುರಕ್ಷಾ’ (5ರಿಂದ 50 ಕೋಟಿವರೆಗೆ) ಪಾಲಿಸಿಗಳಲ್ಲಿ ಪೊದೆ ಬೆಂಕಿ, ಕಾಡಿನ ಬೆಂಕಿ ಎರಡನ್ನೂ ಮೂಲ ರಕ್ಷಣೆಯಲ್ಲಿಯೇ ಸೇರಿಸಲಾಗಿದೆ. ಆದರೂ ಕೈಯಲ್ಲಿರುವ ಪಾಲಿಸಿ ಯಾವುದು, ಅದರ ಷರತ್ತು ಏನು ಎಂಬುದನ್ನು ಏಜೆಂಟರ ಮಾತಿನಿಂದ ತಿಳಿದರೆ ಸಾಲದು, ಪಾಲಿಸಿಯನ್ನೇ ಓದಬೇಕು.

ಇನ್ನೊಂದು ಅಂಶ ವಿಮಾ ಮೊತ್ತದ್ದು. ಉದಾಹರಣೆಗೆ, ಗೋದಾಮಿನಲ್ಲಿ 60 ಲಕ್ಷ ರೂಪಾಯಿ ಬೆಲೆಯ ದಾಸ್ತಾನು ಇದ್ದು, ಪ್ರೀಮಿಯಂ ಉಳಿಸಲು 30 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಲಾಗಿದೆ ಎಂದಿಟ್ಟುಕೊಳ್ಳೋಣ. ಬೆಂಕಿಯಲ್ಲಿ 20 ಲಕ್ಷದ ಸರಕು ನಾಶವಾದರೆ, 30 ಲಕ್ಷದೊಳಗಿನ ನಷ್ಟವಾದ್ದರಿಂದ ಪೂರ್ತಿ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಬರುವುದಿಲ್ಲ. ಅರ್ಧ ಬೆಲೆಗೆ ವಿಮೆ ಮಾಡಿಸಿದವನು ಉಳಿದರ್ಧಕ್ಕೆ ತಾನೇ ವಿಮಾದಾರ ಎಂಬ ಸರಾಸರಿ ನಿಯಮದ ಪ್ರಕಾರ 10 ಲಕ್ಷ ಮಾತ್ರ ದೊರೆಯುತ್ತದೆ. ಮೇಲೆ ಹೇಳಿದ ಹೊಸ ಪಾಲಿಸಿಗಳಲ್ಲಿ ಕೊರತೆ ಶೇಕಡಾ 15ರೊಳಗಿದ್ದರೆ ಈ ಕಡಿತವಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಇದೆ.

ಇದರೊಂದಿಗೆ ಸರಕು ಮತ್ತು ಸೇವಾ ತೆರಿಗೆಯ ಒಂದು ಪೆಟ್ಟೂ ಸೇರಿಕೊಂಡಿದೆ. 2017ರ ಕೇಂದ್ರ ಕಾಯ್ದೆಯ 17(5)(ಎಚ್) ಕಲಮಿನ ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಜಮೆ ಸಿಗುವುದಿಲ್ಲ. ಶೇಕಡಾ 18ರ ದರದ 10 ಲಕ್ಷ ರೂಪಾಯಿಯ ಸರಕು ಸುಟ್ಟರೆ ಈಗಾಗಲೇ ಪಡೆದ 1 ಲಕ್ಷ 80 ಸಾವಿರ ರೂಪಾಯಿಯ ಜಮೆಯನ್ನು ಹಿಂತಿರುಗಿಸಬೇಕು. ತೆರಿಗೆ ಬಿಟ್ಟು ವಿಮಾ ಮೊತ್ತ ನಿಗದಿ ಮಾಡಿದ್ದರೆ ಈ ಹಣ ಜೇಬಿನಿಂದ ಹೋಗುತ್ತದೆ. ನವೀಕರಣದ ಸಮಯದಲ್ಲಿ ದಾಸ್ತಾನಿನ ಮೌಲ್ಯವನ್ನು ತೆರಿಗೆಸಹಿತ ನಮೂದಿಸುವ ಬಗ್ಗೆ ವಿಮಾ ಕಂಪನಿಯಿಂದ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ.

ಬೆಂಕಿ ಇನ್ನೊಂದನ್ನೂ ಹೊರಗೆಡಹುತ್ತದೆ. ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನು ಹೆಚ್ಚು, ವಿಮೆಯ ಪಾಲಿಸಿಯಲ್ಲಿ ಕಡಿಮೆ, ತೆರಿಗೆಯ ವಿವರಪಟ್ಟಿಯಲ್ಲಿ ಇನ್ನೊಂದು ಅಂಕಿ, ಹೀಗೆ ಮೂರು ಲೆಕ್ಕ ಇಡುವ ಅಭ್ಯಾಸ ಕೆಲವರಲ್ಲಿದೆ. ಎಲ್ಲವೂ ಸುಸೂತ್ರವಾಗಿರುವವರೆಗೆ ಈ ಮೂರು ಕಾಗದಗಳು ಒಂದೆಡೆ ಸೇರುವುದಿಲ್ಲ. ಬೆಂಕಿ ಬಿದ್ದ ಮರುದಿನ ಸರ್ವೇಯರ್ ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿ ಕೂರುತ್ತಾರೆ. ಆಗ ಪರಿಹಾರ ತಡವಾದರೆ ವಿಮಾ ಕಂಪನಿಯನ್ನು ಮಾತ್ರ ದೂರಿ ಫಲವಿಲ್ಲ. ಲೆಕ್ಕದ ಪುಸ್ತಕ ಹಾಗೂ ಕಂಪ್ಯೂಟರನ್ನು ಅದೇ ಗೋದಾಮಿನ ಮೂಲೆಯಲ್ಲಿಟ್ಟು, ಸರಕಿನೊಂದಿಗೆ ಪುರಾವೆಯನ್ನೂ ಸುಟ್ಟುಕೊಳ್ಳುವವರ ವಿಷಯವಂತೂ ಇನ್ನೂ ಶೋಚನೀಯ. ಹಳೆಯ ಮಾದರಿಯ ಪಾಲಿಸಿಯಲ್ಲಿ ನಷ್ಟದ ವಿವರವನ್ನು 15 ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬೇಕೆಂಬ ಷರತ್ತಿದೆ. ನಕಲು ಬೇರೆಡೆ ಇಲ್ಲದವರಿಗೆ ಆ 15 ದಿನ ಬಹಳ ಚಿಕ್ಕದು.

ಮಾವಿನ ವ್ಯಾಪಾರಿಗಳ ಸ್ಥಿತಿ ಇದಕ್ಕಿಂತ ನಾಜೂಕು. ಹೂ ಬಿಟ್ಟಾಗಲೇ ತೋಪಿನ ಫಸಲನ್ನು ಗುತ್ತಿಗೆ ಹಿಡಿದು ಮುಂಗಡ ಕೊಡುವುದು ಈ ವ್ಯಾಪಾರದ ರೂಢಿ. ಮರದ ಮೇಲಿನ ಫಸಲು ಗೋದಾಮಿನ ಬೆಂಕಿ ಪಾಲಿಸಿಯಲ್ಲಿ ಸೇರುವುದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಳೆ, ಉಷ್ಣಾಂಶ, ಆರ್ದ್ರತೆ ಮುಂತಾದ ಅಳತೆಗಳಿಂದ; ಪಕ್ಕದ ಗುಡ್ಡದಿಂದ ಇಳಿದು ಬಂದ ಬೆಂಕಿ ಯಾವ ಮಳೆಮಾಪಕದಲ್ಲಿಯೂ ದಾಖಲಾಗುವುದಿಲ್ಲ. ಹಾಗಾದರೆ ಫೆಬ್ರವರಿಯಲ್ಲಿ ಮುಂಗಡ ಪಡೆದು, ಮಾರ್ಚಿನಲ್ಲಿ ಸುಟ್ಟ ತೋಪಿನ ನಷ್ಟ ಯಾರದು, ರೈತನದೋ ವ್ಯಾಪಾರಿಯದೋ? 1930ರ ಸರಕು ಮಾರಾಟ ಕಾಯ್ದೆಯಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ ನಷ್ಟದ ಹೊಣೆ ಒಡೆತನದ ಜೊತೆಯಲ್ಲಿಯೇ ಹೋಗುತ್ತದೆ ಎಂಬ ತತ್ತ್ವವಿದೆ. ಒಡೆತನ ಯಾವ ಗಳಿಗೆಯಲ್ಲಿ ಕೈ ಬದಲಾಯಿಸಿತು ಎಂಬುದನ್ನು ಬಾಯಿಮಾತಿನ ಗುತ್ತಿಗೆಯಲ್ಲಿ ಸಾಬೀತುಪಡಿಸುವವರು ಯಾರು? ಒಂದು ಹಾಳೆಯ ಕರಾರಿನಲ್ಲಿ, ಕಟಾವಿಗೆ ಮೊದಲು ಬೆಂಕಿಯಿಂದ ಫಸಲು ನಷ್ಟವಾದರೆ ಮುಂಗಡದ ಎಷ್ಟು ಭಾಗ ಹಿಂತಿರುಗಬೇಕು, ತೋಪಿನ ಬುಡ ಗುಡಿಸಿ ಅಂಚಿನಲ್ಲಿ ಬೆಂಕಿ ರೇಖೆ ಕೆತ್ತುವ ಹೊಣೆ ಯಾರದು ಎಂಬ ಎರಡು ಸಾಲು ಸೇರಿಸಿದರೆ ಹಲವು ವರ್ಷಗಳ ಸ್ನೇಹ ಉಳಿಯುತ್ತದೆ. ಇಂತಹ ಕರಾರಿನ ಮಾದರಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಶ್ರೀನಿವಾಸಪುರದ ಮಂಡಿಗಳಿಗೆ ಹಂಚುವುದು ವಾಣಿಜ್ಯ ಸಂಸ್ಥೆಗೆ ಭಾರವಾದ ಕೆಲಸವೇನಲ್ಲ.

ಹೊಣೆಯ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಬೆಂಕಿಯಿಂದ ನಷ್ಟ ಅನುಭವಿಸುವುದು ಒಂದಾದರೆ, ಬೆಂಕಿಗೆ ಕಾರಣವಾಗುವುದು ಇನ್ನೊಂದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರ ನವೆಂಬರಿನ ಕಾಳ್ಗಿಚ್ಚಿನಲ್ಲಿ 85 ಜನ ಸತ್ತರು. ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಎಂಬ ಕಂಪನಿಯ ಹಳೆಯ ವಿದ್ಯುತ್ ಮಾರ್ಗವೇ ಅದರ ಮೂಲವೆಂದು ತನಿಖೆಯಲ್ಲಿ ಹೊರಬಂತು. ಪರಿಹಾರದ ಹೊರೆಯನ್ನು ಮುಂಗಂಡ ಆ ಬೃಹತ್ ಕಂಪನಿ 2019ರ ಜನವರಿಯಲ್ಲಿಯೇ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ, ಕಾರ್ಖಾನೆಯ ಹಿತ್ತಿಲಿನಲ್ಲಿ ಪ್ಯಾಕಿಂಗ್ ತ್ಯಾಜ್ಯಕ್ಕೆ ಹಚ್ಚಿದ ಬೆಂಕಿ ಗುಡ್ಡಕ್ಕೆ ಹತ್ತಿದರೆ ಇಲ್ಲಿಯೂ ಕಾನೂನು ಸುಮ್ಮನಿರುವುದಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ ಅಡಿ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. ವನ್ಯಧಾಮವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೆಯ ಕಲಂ ಇದೆ. ಮಾಲೀಕನ ಸ್ವಂತ ಸರಕಿಗೆ ಮಾಡಿಸಿದ ಬೆಂಕಿ ವಿಮೆ ಪಕ್ಕದವನ ತೋಪಿನ ನಷ್ಟವನ್ನು ತುಂಬಿಕೊಡುವುದಿಲ್ಲ. ಜನವರಿಯಿಂದ ಮೇವರೆಗೆ ಕಾರ್ಖಾನೆಯ ಆವರಣದಲ್ಲಿ ಬಯಲು ಬೆಂಕಿಯನ್ನು ಪೂರ್ತಿಯಾಗಿ ನಿಷೇಧಿಸುವ ಆದೇಶಕ್ಕೆ ಖರ್ಚು ಏನೂ ಇಲ್ಲ. ತೋಪಿನ ಮೇಲೆ ಜೋತುಬಿದ್ದ ತಂತಿಗಳ ಬಗ್ಗೆ ಬೆಸ್ಕಾಂಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದಕ್ಕೂ ಇಲ್ಲ.

ನೀರು ಇಲ್ಲದ ಜಿಲ್ಲೆಯಲ್ಲಿ ಬೆಂಕಿ ನಂದಿಸುವುದು ಹೇಗೆ ಎಂಬ ಪ್ರಶ್ನೆಗೆ ಇತ್ತೀಚಿನ ವರ್ಷಗಳಲ್ಲಿ ಅರ್ಧ ಉತ್ತರ ದೊರೆತಿದೆ. 2018ರ ಜೂನ್ ತಿಂಗಳಿನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಗಿ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆ ನೀರಿನ ಗುಣಮಟ್ಟದ ಬಗ್ಗೆ ವಾದವಿವಾದಗಳು ಏನೇ ಇರಲಿ, ಬೆಂಕಿ ನಂದಿಸಲು ಅದು ಧಾರಾಳವಾಗಿ ಆಗುತ್ತದೆ. ಹಿಂದೆ ಮಾರ್ಚಿನಲ್ಲಿ ಒಡೆದ ಮಣ್ಣಿನ ಹೆಂಟೆ ಮಾತ್ರ ಕಾಣುತ್ತಿದ್ದ ಕೆಲವು ಕೆರೆಗಳಲ್ಲಿ ಈಗ ಟ್ಯಾಂಕರ್ ತುಂಬಿಸುವಷ್ಟು ನೀರು ನಿಲ್ಲುತ್ತದೆ. ಯಾವ ಕೆರೆಯ ಯಾವ ಬದಿಗೆ ಲಾರಿ ಇಳಿಯುತ್ತದೆ, ಅಲ್ಲಿಂದ ಗುಡ್ಡಕ್ಕೆ ಎಷ್ಟು ನಿಮಿಷ, ಯಾವ ಸದಸ್ಯರ ಬಳಿ ಟ್ಯಾಂಕರ್ ಇದೆ, ಯಾರ ಬಳಿ ಜೆಸಿಬಿ ಇದೆ ಎಂಬ ಪಟ್ಟಿಯನ್ನು ತಾಲ್ಲೂಕುವಾರು ತಯಾರಿಸಿ ಅಗ್ನಿಶಾಮಕ ಠಾಣೆಗೂ ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ಕೊಟ್ಟರೆ, ಸರ್ಕಾರದ ಯಾವ ಅನುದಾನಕ್ಕೂ ಕಾಯದೆ ಅರ್ಧ ಕೆಲಸ ಮುಗಿದಂತೆ. ಜೆಸಿಬಿ ಒಂದು ಗಂಟೆಯಲ್ಲಿ ಎಳೆಯುವ ಬೆಂಕಿ ರೇಖೆಯನ್ನು ಕೈಯಲ್ಲಿ ಎಳೆಯಲು ಹತ್ತಾರು ಜನ ಬೇಕು. ಈ ಸೇವೆಗೆ ಬಾಡಿಗೆಯನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು. ಉರಿಯುವ ಗುಡ್ಡದ ಬುಡದಲ್ಲಿ ಚೌಕಾಶಿ ಮಾಡುವಂತಾಗಬಾರದು.

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹಗಳು ಗುರುತಿಸಿದ ಬೆಂಕಿಯ ಸ್ಥಳಗಳನ್ನು ಮೊಬೈಲಿಗೆ ಸಂದೇಶವಾಗಿ ಕಳುಹಿಸುತ್ತದೆ. ಇಲಾಖೆಯವರಷ್ಟೇ ಅಲ್ಲ, ಸಾರ್ವಜನಿಕರೂ ಹೆಸರು ನೋಂದಾಯಿಸಿಕೊಂಡು ಅದನ್ನು ಪಡೆಯಬಹುದು. ಉಪಗ್ರಹ ದಿನಕ್ಕೆ ಕೆಲವೇ ಬಾರಿ ಹಾದುಹೋಗುವುದರಿಂದ ಆ ಸಂದೇಶ ಬರುವ ಹೊತ್ತಿಗೆ ಬೆಂಕಿಗೆ ಕೆಲವು ಗಂಟೆಗಳ ವಯಸ್ಸಾಗಿರಬಹುದು. ಗುಡ್ಡದ ಎದುರಿನ ಅಂಗಡಿಯವನ ಕಣ್ಣಿಗೆ ಹೊಗೆ ಅದಕ್ಕಿಂತ ಮೊದಲೇ ಕಾಣುತ್ತದೆ. ಅವನು 112ಕ್ಕೆ ಕರೆ ಮಾಡುತ್ತಾನೋ ಇಲ್ಲವೋ ಎಂಬುದರ ಮೇಲೆ ಬೆಂಕಿ ಒಂದು ಎಕರೆಯಲ್ಲಿ ನಿಲ್ಲುತ್ತದೋ ನೂರು ಎಕರೆಗೆ ಹಬ್ಬುತ್ತದೋ ನಿರ್ಧಾರವಾಗುತ್ತದೆ.

ಈ ಬಾರಿಯ ನವೆಂಬರ್ ಕಾರ್ಯಕಾರಿ ಸಮಿತಿ ಸಭೆಗೆ ವಲಯ ಅರಣ್ಯಾಧಿಕಾರಿಗಳನ್ನೂ ನಾಲ್ಕು ತಾಲ್ಲೂಕುಗಳ ಅಗ್ನಿಶಾಮಕ ಠಾಣಾಧಿಕಾರಿಗಳನ್ನೂ ವಿಮಾ ಕಂಪನಿಯ ಪ್ರತಿನಿಧಿಯೊಬ್ಬರನ್ನೂ ಆಹ್ವಾನಿಸುವ ಪ್ರಸ್ತಾಪವನ್ನು ಸದಸ್ಯರಲ್ಲೊಬ್ಬರು ಮಂಡಿಸಬೇಕು. ಡಿಸೆಂಬರ್ ಅಂತ್ಯದೊಳಗೆ ಕೈಗಾರಿಕಾ ಪ್ರದೇಶಗಳ ಖಾಲಿ ನಿವೇಶನಗಳ ಹುಲ್ಲನ್ನು ಕೊಯ್ಯುವ ಜವಾಬ್ದಾರಿ ನಿವೇಶನದಾರರದೋ ಮಂಡಳಿಯದೋ ಎಂಬುದು ಆ ಸಭೆಯಲ್ಲಿಯೇ ಇತ್ಯರ್ಥವಾಗಲಿ. ಹುಲ್ಲು ಬೇಕೆನ್ನುವ ಹೈನುಗಾರರು ಜಿಲ್ಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಅದು ಹಸಿರಾಗಿರುವ ಅಕ್ಟೋಬರಿನಲ್ಲಿಯೇ ಗೇಟು ತೆರೆದರೆ ಕೊಯ್ಲಿನ ಕೂಲಿಯೂ ಉಳಿಯುತ್ತದೆ.